ಪೊರಕೆ ಕಡ್ಡಿ, ಎರಡು

ಅದು ಬಿಸ್ಕತ್ತಿನ ಡಬ್ಬಿ. ತಗಡಿನದು. ಮುಚ್ಚಳದ ಮೇಲೆ ನಗುತ್ತಿದ್ದ ಮಗುವಿನ ಮುಖ ಮಾಸಿ ಮಾಸಿ ಈಗ ಎರಡು ಹಲ್ಲು ಮಾತ್ರ ಉಳಿದಿವೆ. ಹನ್ನೊಂದು ವರ್ಷದಿಂದ ಆ ಡಬ್ಬಿ ಅವಳ ಕೈಯಲ್ಲಿದೆ, ಹಾಗಾಗಿ ಅವಳಿಗೆ ಡಬ್ಬಿ ಮೇಡಂ ಅಂತಲೇ ಹೆಸರು. ಶಾಲೆಗಳ ಓಟದ ಪಂದ್ಯ ಎಲ್ಲಿ ನಡೆದರೂ ಅವಳನ್ನು ಕರೆಯುತ್ತಾರೆ, ಕರೆದು ಡಬ್ಬಿ ಕೊಡುತ್ತಾರೆ. ಹುಡುಗಿಯರು ಓಡುವ ಮೊದಲು ಓಲೆ, ಸರ, ಬಳೆ, ಉಂಗುರ ಬಿಚ್ಚಿ ಅದರಲ್ಲಿ ಹಾಕಬೇಕು. ಅವಳು ಚೀಟಿ ಬರೆದುಕೊಡಬೇಕು. ಓಟ ಮುಗಿದ ಮೇಲೆ ಚೀಟಿ ತಂದವರಿಗೆ ಅವರವರ ವಸ್ತು ವಾಪಸು ಕೊಡಬೇಕು. ಇಷ್ಟೇ ಕೆಲಸ.

ಇಷ್ಟೇ ಕೆಲಸಕ್ಕಾಗಿ ಅವಳು ಪರೀಕ್ಷೆ ಬರೆದವಳಲ್ಲ. ತೀರ್ಪುಗಾರರ ಪರೀಕ್ಷೆಯಲ್ಲಿ ಆ ವರ್ಷ ಮೊದಲನೆಯವಳಾಗಿ ಪಾಸಾದವಳು. ಪಕ್ಕದಲ್ಲಿ ಕೂತು ಅವಳ ಉತ್ತರ ಕದ್ದು ಬರೆದವನು ಇವತ್ತು ಗೆರೆಯ ಹತ್ತಿರ ನಿಂತು ಸೀಟಿ ಊದುತ್ತಾನೆ. ಅವಳ ಸೀಟಿ ಜೇಬಿನಲ್ಲೇ ಇದೆ. ಒಂದು ಸಲವೂ ಊದಿಲ್ಲ. ಯಾಕೆ ಅಂತ ಯಾರೂ ಹೇಳಿಲ್ಲ, ಅವಳೂ ಕೇಳಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಭಯ. ಉತ್ತರ ಅವಳಿಗೆ ಗೊತ್ತೇ ಇತ್ತು. ಅವಳು ಪೊರಕೆ ಓಣಿಯಲ್ಲಿ ಹುಟ್ಟಿದವಳು.

ಪೊರಕೆ ಓಣಿ ಅಂದರೆ ಚರಂಡಿ ದಾಟಿದ ಮೇಲೆ ಎರಡು ಸಾಲು ಮನೆ. ಹೆಂಗಸರು, ಮಕ್ಕಳು ಕುಕ್ಕರಗಾಲಲ್ಲಿ ಕೂತು ಗರಿ ಸೀಳುತ್ತಾರೆ, ಕಡ್ಡಿ ತೆಗೆಯುತ್ತಾರೆ, ಪೊರಕೆ ಕಟ್ಟುತ್ತಾರೆ. ಹತ್ತನೇ ವಯಸ್ಸಿಗೆ ಹೆಬ್ಬೆರಳು ಸೀಳುತ್ತದೆ. ಹದಿನೈದಕ್ಕೆ ಅದರ ಮೇಲೆ ಗಂಟು ಕಟ್ಟುತ್ತದೆ. ನಲವತ್ತಕ್ಕೆ ಬೆನ್ನು ನೆಟ್ಟಗಾಗುವುದಿಲ್ಲ. ಊರಿನ ಕಸವೆಲ್ಲ ಅವರ ಪೊರಕೆಯಿಂದಲೇ ಹೊರಗೆ ಹೋಗುವುದು. ಆ ಪೊರಕೆ ಯಾವ ಮನೆಯೊಳಗೆ ಬೇಕಾದರೂ ಹೋಗಬಹುದು. ಕಟ್ಟಿದ ಕೈ ಮಾತ್ರ ಹೊಸ್ತಿಲಾಚೆ ನಿಲ್ಲಬೇಕು.

ಅವಳು ಆ ಓಣಿ ಬಿಟ್ಟು ಇಪ್ಪತ್ತು ವರ್ಷ. ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ. ಮಾತಾಡುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುವುದು ಅಭ್ಯಾಸವಾಗಿತ್ತು. ಗಂಟು ಇನ್ನೂ ಹೋಗಿರಲಿಲ್ಲ.

ಹಾಗಂತ ಡಬ್ಬಿಯ ಕೆಲಸವನ್ನು ಅವಳು ಹಗುರವಾಗಿ ಕಂಡವಳಲ್ಲ. ಒಮ್ಮೆ ರಿಲೇ ಓಟದಲ್ಲಿ ಒಬ್ಬಳ ಬೆರಳು ಇನ್ನೊಬ್ಬಳ ಓಲೆಗೆ ಸಿಕ್ಕಿ ಕಿವಿ ಹರಿದಿತ್ತು. ಹರಿದ ತುಂಡನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಆಸ್ಪತ್ರೆಯ ತನಕ ಹೋದವಳು ಇವಳೇ. ಆಮೇಲೆ ಯಾರು ಏನೇ ಅಂದರೂ ನಿಯಮವನ್ನು ಒಂದು ಕೂದಲಷ್ಟೂ ಸಡಿಲ ಬಿಟ್ಟಿರಲಿಲ್ಲ. ನಿಯಮ ಅವಳಿಗೆ ಬಾಯಿಪಾಠ. ಮೈಮೇಲೆ ಒಡವೆ ಇರಕೂಡದು. ಕಂಡರೆ ತೆಗೆಸಿ ಓಡಿಸುವುದು. ಬಚ್ಚಿಟ್ಟುಕೊಂಡು ಓಡಿದರೆ ಹೊರಗೆ. ಕಾಯಿಲೆಯ ಕಾರಣಕ್ಕೆ ಹಾಕಿಕೊಂಡದ್ದಕ್ಕೆ ಮಾತ್ರ ರಿಯಾಯಿತಿ, ಅದನ್ನು ಟೇಪಿನಿಂದ ಮುಚ್ಚಬೇಕು. ಕೊನೆಯ ಸಾಲು: ತಪಾಸಣೆ ಮಾಡಿದವರ ಸಹಿ ಇಲ್ಲದ ಫಲಿತಾಂಶ ಫಲಿತಾಂಶವೇ ಅಲ್ಲ. ಈ ಕೊನೆಯ ಸಾಲಿನ ಬಗ್ಗೆ ಅವಳು ಎಂದೂ ಯೋಚಿಸಿರಲಿಲ್ಲ. ಸಹಿ ಹಾಕು ಅಂದರು, ಹಾಕಿದಳು. ಹನ್ನೊಂದು ವರ್ಷ.

ಆ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಎಂಟುನೂರು ಮೀಟರ್ ಓಟದ ಹುಡುಗಿಯರು ಸಾಲಾಗಿ ನಿಂತರು. ಈಗ ಒಂದು ಸುತ್ತು, ಮೂರು ಗಂಟೆಗೆ ಫೈನಲ್. ಫೈನಲ್‌ನಲ್ಲಿ ಮೊದಲ ಮೂರು ಜನಕ್ಕೆ ಕ್ರೀಡಾ ಹಾಸ್ಟೆಲ್. ಅಲ್ಲೇ ಓದು, ಅಲ್ಲೇ ಊಟ, ಅಲ್ಲೇ ಓಟ.

ಮೊದಲು ಬಂದದ್ದು ಗಾಜಿನ ಶಾಲೆಯವರು. ಊರ ಮಧ್ಯದಲ್ಲಿ ಆರು ಮಹಡಿ ಗಾಜು ಹೊದ್ದು ನಿಂತಿರುವ ಶಾಲೆ, ಅದಕ್ಕೇ ಆ ಹೆಸರು. ಡಬ್ಬಿ ಮೇಡಂ ಮೊದಲ ಹುಡುಗಿಯ ಕಿವಿಯ ಕಡೆ ಕೈ ಚಾಚಿದಳು. ಅವರ ಕೋಚ್ ಅಡ್ಡ ಬಂದ.

"ಮುಟ್ಟೋದು ಬೇಡ ಮೇಡಂ. ಅವರೇ ತೋರಿಸ್ತಾರೆ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪ್ರತಿ ವರ್ಷ ಇದೇ ಮಾತು. ಪ್ರತಿ ವರ್ಷ ಇವಳು ಕೈ ಚಾಚುವುದು, ಎಳೆದುಕೊಳ್ಳುವುದು.

ಏಳನೇ ನಂಬರಿನ ಎತ್ತರದ ಹುಡುಗಿಯ ಕತ್ತಿನಲ್ಲಿ ಟೇಪು. ಟೇಪಿನ ಅಂಚಿನಲ್ಲಿ ಚಿನ್ನದ ಸರ ಇಣುಕುತ್ತಿತ್ತು. ಕೋಚ್ ಡಾಕ್ಟರ ಪತ್ರ ಕೊಟ್ಟ. ಹುಡುಗಿಗೆ ಚರ್ಮದ ತೊಂದರೆಯಂತೆ, ಲೋಹ ಸದಾ ಮೈಗೆ ತಾಗಿರಬೇಕಂತೆ. ಲೋಹ ಅಂದರೆ ಕಬ್ಬಿಣ, ತಾಮ್ರ ಯಾವುದಾದರೂ ಆದೀತಲ್ಲ ಎಂದು ಇವಳಿಗೆ ಅನ್ನಿಸಿತು. ಆದರೂ ಪತ್ರವನ್ನು ಫೈಲಿಗೆ ಹಾಕಿದಳು.

ಕೊನೆಗೆ ಬಂದವಳು ನಲವತ್ತೊಂದು. ಸಪೂರ ಹುಡುಗಿ. ಒಂದು ಬೂಟಿನ ಲೇಸಿನ ಜಾಗದಲ್ಲಿ ಪೊರಕೆ ಕಟ್ಟುವ ತಂತಿ. ಅವಳ ಶಾಲೆಯ ಹುಡುಗಿಯರು ಹಿಂದಿನಿಂದ "ಕಡ್ಡಿ ಪೈಲ್ವಾನ್! ಕಡ್ಡಿ ಪೈಲ್ವಾನ್!" ಎಂದು ಕೂಗುತ್ತಿದ್ದರು. ಅವಳು ತೋಳು ಮಡಚಿ ಇಲ್ಲದ ಮಾಂಸಖಂಡ ತೋರಿಸಿದಳು.

"ಒಡವೆ ಏನಾದ್ರೂ ಇದ್ಯಾ?" ಡಬ್ಬಿ ಮೇಡಂ ಕೇಳಿದಳು.

"ಒಡವೆನಾ?"

"ಹೂಂ. ಒಡವೆ."

ಹುಡುಗಿ ಕಿಸಕ್ಕನೆ ನಕ್ಕಳು. "ನಮ್ಮನೇಲಿ ಒಡವೆ ಅಂದ್ರೆ ನಮ್ಮಜ್ಜಿ ಹಲ್ಲು ಮೇಡಂ. ಒಂದೇ ಇರೋದು. ಅದೂ ಅಲ್ಲಾಡ್ತಿದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಬ್ಬಿ ಮೇಡಂ ಕೂಡ ನಗುತ್ತಾ ಹುಡುಗಿಯ ಕೂದಲು ಸರಿಸಿದಳು. ನಗು ಅಲ್ಲೇ ನಿಂತಿತು.

ಎರಡೂ ಕಿವಿಯ ತೂತಿನಲ್ಲಿ ಪೊರಕೆ ಕಡ್ಡಿಯ ಚೂರು. ಅಕ್ಕಿ ಕಾಳಿನಷ್ಟು ಉದ್ದ. ಹೊಸದಾಗಿ ಚುಚ್ಚಿದ ಕಿವಿ, ಸುತ್ತ ಕೆಂಪಗಿತ್ತು. ಓಲೆ ಕೊಳ್ಳುವ ತನಕ ತೂತು ಮುಚ್ಚಿಹೋಗದಿರಲಿ ಅಂತ ಓಣಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಡಬ್ಬಿ ಮೇಡಂ ಕಿವಿಯಲ್ಲೂ ಒಂಬತ್ತು ವರ್ಷ ಕಡ್ಡಿ ಇತ್ತು.

'ಕಡ್ಡಿ ತೆಗಿ' ಅನ್ನುವ ಮಾತು ಗಂಟಲಿಗೆ ಬಂತು. ಪಕ್ಕದಲ್ಲಿ ಗಾಜಿನ ಶಾಲೆಯ ಕೋಚ್ ನಿಂತಿದ್ದ. ಕಡ್ಡಿ ಅಂದರೆ ಎಂಥ ಕಡ್ಡಿ ಅಂತ ಕೇಳುತ್ತಾನೆ. ಅಷ್ಟು ಸಣ್ಣದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಅಂತ ಕೇಳುತ್ತಾನೆ. ಇಪ್ಪತ್ತು ವರ್ಷ ಮಡಚಿಟ್ಟ ಹೆಬ್ಬೆರಳು ಮುಷ್ಟಿಯೊಳಗೆ ಇನ್ನಷ್ಟು ಒಳಗೆ ಹೋಯಿತು. ಅವಳು ಕೂದಲು ಬಿಟ್ಟಳು. ಹಾಳೆಯಲ್ಲಿ 'ಒಡವೆ ಇಲ್ಲ' ಎಂದು ಬರೆದಳು.

"ಮೂರು ಜನರೊಳಗೆ ಬಂದ್ರೆ ಹಾಸ್ಟೆಲ್ ಅಂತೆ, ಹೌದಾ ಮೇಡಂ?" ಹುಡುಗಿ ಮೆಲ್ಲಗೆ ಕೇಳಿದಳು. "ದಿನಾ ಎರಡು ಹೊತ್ತು ಓಡಿಸ್ತಾರಂತೆ?"

"ಹೌದು."

"ಊಟ?"

"ಮೂರು ಹೊತ್ತು."

"ಅಯ್ಯಯ್ಯಪ್ಪ! ಹಾಗಾದ್ರೆ ಓಟಕ್ಕಿಂತ ಊಟಾನೇ ಜಾಸ್ತಿ." ಆಮೇಲೆ ಮುಖ ಸಪ್ಪಗೆ ಮಾಡಿ ಅಂದಳು: "ಬರ್ಲಿಲ್ಲ ಅಂದ್ರೆ ಸೋಮವಾರದಿಂದ ನಾನೂ ಕಡ್ಡಿಗೆ ಕೂರ್ಬೇಕು. ಅಮ್ಮನ ಬೆನ್ನು ಹೋಗಿದೆ. ಓದಿದ್ದು ಸಾಕು ಅಂದುಬಿಟ್ಟಿದ್ದಾಳೆ."

ಸುತ್ತಿನ ಓಟದಲ್ಲಿ ನಲವತ್ತೊಂದು ಎಲ್ಲರಿಗಿಂತ ನಲವತ್ತು ಹೆಜ್ಜೆ ಮುಂದೆ ಬಂದಳು. ಏಳನೇ ನಂಬರಿನವಳು ಎರಡನೆಯವಳು. ನಲವತ್ತೊಂದು ನೇರ ನಲ್ಲಿಗೆ ಹೋಗಿ, ಕೂದಲನ್ನು ಮೇಲಕ್ಕೆ ಗಂಟು ಹಾಕಿಕೊಂಡು, ಬಗ್ಗಿ ನೀರು ಕುಡಿದಳು. ಗಾಜಿನ ಶಾಲೆಯ ಕೋಚ್ ಅಲ್ಲೇ ಹಿಂದೆ ನಿಂತಿದ್ದ. ಕಿವಿ ಕಂಡಿತು. ಐದು ನಿಮಿಷದಲ್ಲಿ ದೂರು ಹೋಯಿತು.

ದೂರು ಹೋದದ್ದು ದೊಡ್ಡ ಸೀಟಿಯ ಹತ್ತಿರ. ಮುಖ್ಯ ತೀರ್ಪುಗಾರನಿಗೆ ಮೈದಾನದವರು ಇಟ್ಟ ಹೆಸರು ಅದು. ಊದುವುದು ಜಾಸ್ತಿ, ಕೆಲಸ ಕಮ್ಮಿ. ಅವನು ಹುಡುಗಿಯನ್ನು ವೇದಿಕೆಯ ಮುಂದೆ ಕರೆಸಿ ಬೆಂಚಿನ ಮೇಲೆ ಹತ್ತಿಸಿದ. ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಕೂದಲು ಎತ್ತಿದ.

"ಏನಿದು?"

"ಕಡ್ಡಿ ಸಾರ್."

"ಎಂಥ ಕಡ್ಡಿ?"

"ಪೊರಕೆ ಕಡ್ಡಿ ಸಾರ್."

"ಓಹೋ! ತಲೆ ಒಳಗೂ ಪೊರಕೇನೇ ಇದೆಯೋ, ಕಿವೀಲಿ ಮಾತ್ರನೋ?"

ನಗು ಎದ್ದಿತು. ವೇದಿಕೆಯ ಮೇಲಿನವರು ನಕ್ಕರು. ಮೈಕಿನವನು ನಕ್ಕದ್ದು ಮೈಕಿನಲ್ಲೇ ಕೇಳಿತು. ಹುಡುಗಿಯ ಮುಖ ಕಪ್ಪಿಟ್ಟಿತು. "ತೆಗೀತೀನಿ ಸಾರ್, ಈಗ್ಲೇ ತೆಗೀತೀನಿ" ಎಂದು ಎರಡೂ ಕಡ್ಡಿ ಜಗ್ಗಿ ಎಳೆದಳು. ಒಂದು ಹಸಿ ಗಾಯಕ್ಕೆ ಅಂಟಿಕೊಂಡಿತ್ತು. ರಕ್ತ ಕತ್ತಿನ ಮೇಲೆ ಇಳಿಯಿತು.

"ಈಗ ತೆಗೆದ್ರೆ ಏನು ಬಂತು? ಹಾಕ್ಕೊಂಡು ಓಡಿದ್ದಾಯ್ತಲ್ಲ. ಕೇಳಿದಾಗ ಇಲ್ಲ ಅಂದಿದ್ದೀಯ. ತೀರ್ಮಾನ ಆಗೋ ತನಕ ಇಲ್ಲೇ ನಿಂತಿರು. ಇಳಿಯೋ ಹಾಗಿಲ್ಲ."

ಆಗ ಗಂಟೆ ಹನ್ನೆರಡೂವರೆ. ಬಿಸಿಲು ನೆತ್ತಿಯ ಮೇಲೆ. ಹುಡುಗಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು.

ದೊಡ್ಡ ಸೀಟಿ ಡಬ್ಬಿ ಮೇಡಂಳನ್ನು ಸಾಮಾನು ಕೋಣೆಗೆ ಕರೆದ. ಸುಣ್ಣದ ಪುಡಿ, ಹಗ್ಗ, ಹರಿದ ಬಲೆ ತುಂಬಿದ ಕೋಣೆ. ಕುರ್ಚಿ ಒಂದೇ ಇತ್ತು. ಅವನು ಕೂತ.

"ಬರಿ. ವಸ್ತು: ಕಿವಿಯ ಆಭರಣ, ಒಂದು ಜೊತೆ. ತಪಾಸಣೆ ವೇಳೆ ಬಚ್ಚಿಟ್ಟಿದ್ದಳು. ಕೆಳಗೆ ನಿನ್ನ ಸಹಿ."

"ಅದು ಆಭರಣ ಅಲ್ಲ ಸಾರ್. ಕಡ್ಡಿ."

"ಕಿವೀಲಿ ಇದ್ದಿದ್ದೆಲ್ಲ ಆಭರಣಾನೇ."

"ತೆಗೆಸಿ ಓಡಿಸಬಹುದು ಸಾರ್. ನಿಯಮದಲ್ಲಿ ಇದೆ. ಬಚ್ಚಿಟ್ಟಿದ್ರೆ ಮಾತ್ರ..."

"ಅದಕ್ಕೇ ಬಚ್ಚಿಟ್ಟಿದ್ದಳು ಅಂತ ಬರಿ ಅಂದಿದ್ದು." ಅವನು ದನಿ ಇಳಿಸಿದ. "ನೋಡು, ನಿನಗೂ ಎಷ್ಟು ವರ್ಷ ಅಂತ ಡಬ್ಬಿ ಹಿಡಿಸೋದು? ಮುಂದಿನ ಪಂದ್ಯದಿಂದ ಗೆರೆ ಹತ್ತಿರ ನೀನೇ. ಸೀಟಿ ನಿಂದೇ. ನಾನು ಮಾತು ಕೊಡ್ತೀನಿ."

ಅವಳ ಜೇಬಿನೊಳಗೆ ಕೈ ತಾನಾಗಿ ಹೋಗಿ ಸೀಟಿಯನ್ನು ಮುಟ್ಟಿತು. ಹೌದು, ಆಸೆಯಾಯಿತು. ಆಗಲಿಲ್ಲ ಅಂದರೆ ಸುಳ್ಳು.

"ಇನ್ನೊಂದು ವಿಷಯ," ಅಂದ ದೊಡ್ಡ ಸೀಟಿ. "ನೀನು ಯಾವ ಓಣಿಯವಳು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ತನ್ನ ಓಣಿಯವಳು ಅಂತ ಬೇಕಂತಲೇ ಬಿಟ್ಟಳು ಅಂತ ನಾನು ಮೇಲಕ್ಕೆ ಬರೆದ್ರೆ ಡಬ್ಬೀನೂ ಇರಲ್ಲ. ಮೂರು ಗಂಟೆ ಒಳಗೆ ಯೋಚ್ನೆ ಮಾಡು."

ಯೋಚನೆ ಮಾಡುವುದಕ್ಕೆ ಅವಳ ಕಾಲು ಒಂದು ಕಡೆ ನಿಲ್ಲಬೇಕಲ್ಲ. ಮೈದಾನ ಸುತ್ತಿದಳು. ನಲ್ಲಿಗೆ ಹೋದಳು, ಬಾಯಾರಿಕೆ ಇರಲಿಲ್ಲ. ಕಕ್ಕಸಿಗೆ ಹೋದಳು, ಸುಮ್ಮನೆ ವಾಪಸು ಬಂದಳು. ಉದ್ದ ಜಿಗಿತದವರ ಒಡವೆ ತೆಗೆದುಕೊಂಡಳು, ಒಂದು ಉಂಗುರಕ್ಕೆ ಎರಡು ಚೀಟಿ ಬರೆದಳು. ಎಲ್ಲಿ ಹೋದರೂ ಬೆಂಚು ಕಾಣುತ್ತಿತ್ತು. ಹುಡುಗಿ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಊಟದ ಪೊಟ್ಟಣ ಹಂಚಿದರು, ಬೆಂಚಿನ ಹತ್ತಿರ ಯಾರೂ ಹೋಗಲಿಲ್ಲ. ಇವಳು ಒಂದು ಪೊಟ್ಟಣ, ಒಂದು ಬಾಟಲಿ ನೀರು ತೆಗೆದುಕೊಂಡು ಹೊರಟಳು. "ಶಿಕ್ಷೆಯಲ್ಲಿ ಇರೋರಿಗೆ ಇಲ್ಲ" ಎಂದು ದೊಡ್ಡ ಸೀಟಿ ದೂರದಿಂದಲೇ ಕೂಗಿದ. ಅವಳು ನಿಂತಳು. ನಿಂತು, ತಿರುಗಿದಳು. ಅದನ್ನೂ ಬರೆದಿಡಬೇಕು. ತಿರುಗಿದಳು.

ತಂತಿ ಬೇಲಿಯ ಆಚೆ ಹುಡುಗಿಯ ಅಮ್ಮ ಕೂತಿದ್ದಳು. ಗೇಟಿನವನು ಒಳಗೆ ಬಿಟ್ಟಿರಲಿಲ್ಲ. ಕೂತಲ್ಲೇ ಕಡ್ಡಿ ಸೀಳುತ್ತಿದ್ದಳು. ಕಣ್ಣು ಬೆಂಚಿನ ಮೇಲೆ, ಕೈ ಕೆಲಸದ ಮೇಲೆ. ಡಬ್ಬಿ ಮೇಡಂ ಹತ್ತಿರ ಬಂದಾಗ ತಲೆ ಎತ್ತಲಿಲ್ಲ.

"ನೀನು ಕೊನೇ ಮನೆ ಮುದುಕಿ ಮೊಮ್ಮಗಳಲ್ವಾ?" ಅಂದಳು. "ನಂಗಿಂತ ಮೂರು ವರ್ಷಕ್ಕೆ ಚಿಕ್ಕೋಳು. ನಿನ್ನ ಕಿವೀಗೆ ಕಡ್ಡಿ ಹಾಕಿದ್ದೇ ನಾನು. ಊರು ಕೇಳೋ ಹಾಗೆ ಕಿರುಚಿದ್ದೆ ನೀನು."

ಡಬ್ಬಿ ಮೇಡಂಗೆ ನೆನಪಿತ್ತು. ಬೇಲಿಯ ತಂತಿ ಹಿಡಿದುಕೊಂಡಳು.

"ಮೊನ್ನೆ ಮೊನ್ನೆ ಇವಳ ಕಿವಿ ಚುಚ್ಚಿಸ್ದೆ. ಹಾಸ್ಟೆಲ್ ಸೇರಿದ್ರೆ ಅಲ್ಲಿ ಹುಡುಗೀರ ಮಧ್ಯೆ ನನ್ನ ಮಗಳು ಬೋಳು ಕಿವೀಲಿ ಯಾಕಿರ್ಬೇಕು ಅಂತ. ನಂದೇ ಬುದ್ಧಿಗೇಡು." ಕಡ್ಡಿಯೊಂದು ಪಟಕ್ಕನೆ ಮುರಿಯಿತು. ಈಗ ತಲೆ ಎತ್ತಿದಳು. "ಬೆಳಿಗ್ಗೆ ಅವಳ ಕೂದಲು ಸರಿಸಿ ನೋಡ್ದೆ ನೀನು. ನಾನು ಇಲ್ಲಿಂದಾನೇ ಕಂಡೆ. ನೋಡ್ದೆ ತಾನೇ?"

"ನೋಡ್ದೆ."

"ತೆಗಿಯೇ ಅಂತ ಒಂದು ಮಾತು ಅನ್ನೋಕೆ ನಿನ್ನ ಬಾಯಿ ಬಿದ್ದುಹೋಗಿತ್ತಾ?"

 ಬೇಲಿಯ ತಂತಿ ಹಿಡಿದುಕೊಂಡಿದ್ದ ಇವಳ ಕೈ ಅಲ್ಲೇ ಇತ್ತು. ಹೆಬ್ಬೆರಳು ಹೊರಗಿತ್ತು. ಆ ಹೆಂಗಸು ಅದರ ಗಂಟನ್ನು ನೋಡಿದಳು, ತನ್ನದನ್ನು ನೋಡಿಕೊಂಡಳು, ಮತ್ತೆ ಸೀಳತೊಡಗಿದಳು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಡಬ್ಬಿ ಮೇಡಂ ಚೀಟಿ ಬರೆದು ದೊಡ್ಡ ಸೀಟಿಯ ಮುಂದೆ ಇಟ್ಟಳು. ಅವನು ಓದಿದ. 'ವಸ್ತು: ಪೊರಕೆ ಕಡ್ಡಿ, ಎರಡು. ಕೇಳಿದ ಪ್ರಶ್ನೆ: ಒಡವೆ ಇದೆಯಾ. ಕೊಟ್ಟ ಉತ್ತರ: ಇಲ್ಲ. ಉತ್ತರ ಸರಿ.'

"ಏನಿದು ಹುಡುಗಾಟ?"

"ನಿಜ ಸಾರ್. ಕೆಳಗೆ ನಿಮ್ಮ ಸಹಿಗೂ ಜಾಗ ಬಿಟ್ಟಿದ್ದೀನಿ."

ಅವನು ಚೀಟಿ ಹರಿದ. "ನಾನೇ ಬರ್ಕೊಳ್ತೀನಿ. ಓಟ ಮುಗೀಲಿ, ನಿನ್ನ ಕಥೆ ಆಮೇಲೆ." ಮೈಕಿನವನಿಗೆ ಸನ್ನೆ ಮಾಡಿದ. ನಲವತ್ತೊಂದನೇ ನಂಬರ್ ನಿಯಮ ಮೀರಿದ್ದರಿಂದ ಹೊರಗೆ, ಎಂದು ಮೈದಾನಕ್ಕೆಲ್ಲ ಕೇಳಿಸಿತು.

ಏಳು ಹುಡುಗಿಯರು ಗೆರೆಯ ಮೇಲೆ ನಿಂತರು. ಎಂಟನೇ ಜಾಗ ಖಾಲಿ. ಬೆಂಚಿನ ಮೇಲಿದ್ದ ಹುಡುಗಿ ಅಳುತ್ತಿರಲಿಲ್ಲ. ಖಾಲಿ ಜಾಗವನ್ನೇ ನೋಡುತ್ತಿದ್ದಳು. ಓಟ ಶುರು ಮಾಡುವವನು ಕೈ ಎತ್ತಿದ.

ಆಗ ಸೀಟಿ ಕೇಳಿತು.

ಹನ್ನೊಂದು ವರ್ಷ ಜೇಬಿನಲ್ಲಿದ್ದ ಸೀಟಿ. ಮೊದಲು ಗಾಳಿ ಮಾತ್ರ ಬಂತು, ಆಮೇಲೆ ಕಿವಿ ಕಿತ್ತುಹೋಗುವಂಥ ಸದ್ದು. ಡಬ್ಬಿ ಮೇಡಂ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಟದ ಹಾದಿಯ ನಡುವೆ ನಿಂತಿದ್ದಳು.  ಊದುವುದು ನಿಲ್ಲಿಸಲಿಲ್ಲ.

"ಏನಾಯ್ತು ಇವಳಿಗೆ? ತಲೆ ಕೆಟ್ಟಿದೆಯಾ?" ದೊಡ್ಡ ಸೀಟಿ ಓಡಿಬಂದ. ಅವನು ಓಡಿದ್ದನ್ನು ಅಲ್ಲಿ ಯಾರೂ ಹಿಂದೆ ನೋಡಿರಲಿಲ್ಲ.

"ಏಳನೇ ನಂಬರ್ ಮೈಮೇಲೆ ಒಡವೆ ಇದೆ ಸಾರ್. ಓಟ ನಿಲ್ಲಿಸಿ."

"ಅದಕ್ಕೆ ಡಾಕ್ಟರ ಪತ್ರ ಇದೆ."

"ಇದೆ. ಓದ್ತೀನಿ." ಫೈಲಿನಿಂದ ಪತ್ರ ತೆಗೆದು ಗಟ್ಟಿಯಾಗಿ ಓದಿದಳು. ಲೋಹ ಸದಾ ಚರ್ಮಕ್ಕೆ ತಾಗಿರಬೇಕು, ಅನ್ನುವಲ್ಲಿಗೆ ಬಂದಾಗ ಪಕ್ಕದ ಶಾಲೆಯವರು ಕಿಸಿಕಿಸಿ ನಕ್ಕರು. "ಚಿನ್ನ ಔಷಧಿ. ಪೊರಕೆ ಕಡ್ಡಿ ಒಡವೆ. ಇದು ಯಾವ ಪುಸ್ತಕದಲ್ಲಿದೆ ಸಾರ್? ತೋರಿಸಿ, ನಾನೂ ಕಲೀತೀನಿ."

"ಕಡ್ಡೀನ ಗುಡ್ಡ ಮಾಡಬೇಡ. ಸುಮ್ನೆ ಆಚೆ ಹೋಗು."

"ಗುಡ್ಡ ಮಾಡಿದ್ದು ನಾನಲ್ಲ. ಗುಡ್ಡ ಮಾಡಿ ಅದರ ಮೇಲೆ ಮಗೂನ ಎರಡೂವರೆ ಗಂಟೆ ಬಿಸಿಲಲ್ಲಿ ನಿಲ್ಸಿದ್ದು ನೀವು."

"ಬಚ್ಚಿಟ್ಟಿದ್ದಳು ಅವಳು!"

"ಬಚ್ಚಿಟ್ಟಿದ್ದು ನಾನು." ಈಗ ಅವಳ ದನಿ ಒಡೆಯಿತು. ಸಿಟ್ಟಿಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. "ಕಡ್ಡಿ ನೋಡಿದೆ. ತೆಗಿ ಅನ್ಲಿಲ್ಲ. ಅಂದ್ರೆ ನೀವೆಲ್ಲ ನನ್ನ ಮುಖ ನೋಡ್ತೀರ ಅಂತ. ನಾನು ಪೊರಕೆ ಓಣಿಯವಳು. ಇಪ್ಪತ್ತು ವರ್ಷದಿಂದ ಬಚ್ಚಿಟ್ಕೊಂಡು ಓಡಾಡ್ತಿದ್ದೀನಿ. ಹೊರಗೆ ಹಾಕೋದಾದ್ರೆ ನನ್ನ ಹಾಕಿ."

ಬೇಲಿಯ ಆಚೆ ಸೀಳುವ ಕೈ ನಿಂತಿತು.

ಏಳನೇ ನಂಬರಿನ ಹುಡುಗಿ ಗೆರೆಯಿಂದ ಹೊರಗೆ ಬಂದಳು. ಕತ್ತಿಗೆ ಕೈ ಹಾಕಿ ಟೇಪು ಕಿತ್ತಳು. "ನಂಗೆ ಯಾವ ಕಾಯಿಲೆನೂ ಇಲ್ಲ ಆಂಟಿ. ಮನೇಲಿ ತೆಗೀಬೇಡ ಅಂದ್ರು, ಅದಕ್ಕೆ ಕೋಚ್ ಆ ಪತ್ರ ತಂದ್ರು. ಟೇಪು ಬೇರೆ, ತುರಿಸ್ತಾನೇ ಇರುತ್ತೆ." ಸರ ಬಿಚ್ಚಿ ಡಬ್ಬಿಗೆ ಹಾಕಿದಳು. ಠಣ್ ಅಂತ ಸದ್ದಾಯಿತು. "ಅವಳನ್ನ ಸೋಲಿಸಬೇಕು ನಾನು. ಅವಳೇ ಇಲ್ಲ ಅಂದ್ರೆ ಯಾರನ್ನ ಸೋಲಿಸ್ಲಿ?"

 ವೇದಿಕೆಯ ಮೇಲೆ ಅತಿಥಿ ಗಡಿಯಾರ ನೋಡಿಕೊಂಡ. ಅವನಿಗೆ ಇನ್ನೊಂದು ಕಾರ್ಯಕ್ರಮ ಇತ್ತು. "ಏನ್ರೀ ಅದು? ಓಡಿಸ್ರೀ ಎಲ್ಲರನ್ನೂ. ಒಂದು ಕಡ್ಡಿಗೆ ಎಷ್ಟು ಹೊತ್ತು?" ಅಂದ. ನ್ಯಾಯ ಅಂತ ಏನೂ ಬರಲಿಲ್ಲ, ಸ್ವಾಮಿ. ಅತಿಥಿಗೆ ಹೊತ್ತಾಯಿತು, ಅಷ್ಟೇ.

ನಲವತ್ತೊಂದು ಬೆಂಚಿನಿಂದ ಇಳಿದಳು. ಇಳಿದಾಗ ಕಾಲು ಮಡಚಿತು, ಕೈ ಊರಿ ಎದ್ದಳು. ಮುಷ್ಟಿ ಬಿಚ್ಚಿ ಎರಡು ಕಡ್ಡಿಯನ್ನು ಡಬ್ಬಿಯಲ್ಲಿ ಚಿನ್ನದ ಸರದ ಪಕ್ಕಕ್ಕೆ ಹಾಕಿದಳು. ಡಬ್ಬಿ ಮೇಡಂ ಚೀಟಿ ಬರೆದುಕೊಟ್ಟಳು. ಪೊರಕೆ ಕಡ್ಡಿ, ಎರಡು.

ಆ ಹುಡುಗಿ ಗೆದ್ದಳು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಗೆಲ್ಲಲಿಲ್ಲ. ಬೆಳಿಗ್ಗೆ ಕುಡಿದ ಒಂದು ಲೋಟ ಚಹಾ, ಸುತ್ತಿನ ಓಟದ ಮೇಲೆ ನಲ್ಲಿಯಲ್ಲಿ ಕುಡಿದ ಎರಡು ಬೊಗಸೆ ನೀರು, ಎರಡೂವರೆ ಗಂಟೆ ಬಿಸಿಲು. ಇಷ್ಟು ಇಟ್ಟುಕೊಂಡು ಎಂಟುನೂರು ಮೀಟರ್ ಯಾರು ಓಡುತ್ತಾರೆ? ಅವಳು ಓಡಿದಳು. ಮೊದಲ ಸುತ್ತಿಗೆ ಎಲ್ಲರಿಗಿಂತ ಮುಂದೆ ಇದ್ದಳು. ಕೊನೆಯ ತಿರುವಿನಲ್ಲಿ ತಂತಿಯ ಲೇಸು ಬಿಚ್ಚಿಕೊಂಡಿತು, ಬೂಟು ಒದ್ದು ಓಡಿದಳು. ಏಳನೇ ನಂಬರಿನವಳು ಗೆದ್ದಳು. ನಲವತ್ತೊಂದು ಒಂದು ಎದೆಯಷ್ಟು ಅಂತರದಲ್ಲಿ ನಾಲ್ಕನೆಯವಳಾಗಿ ಬಂದು ಗೆರೆಯ ಆಚೆ ಮಕಾಡೆ ಬಿದ್ದಳು.

ಮೂರು ಜನಕ್ಕೆ ಹಾಸ್ಟೆಲ್. ಸೋಮವಾರಕ್ಕೆ ಎರಡು ದಿನ.

ದೊಡ್ಡ ಸೀಟಿ ಫಲಿತಾಂಶದ ಹಾಳೆ ತಂದ. ಮುಖದಲ್ಲಿ ಈಗ ನಗು ಇತ್ತು. "ನೋಡು, ಓಡ್ಸಿದ್ದಾಯ್ತು. ನಿನ್ನ ಆಸೆನೂ ತೀರ್ತು. ಇಲ್ಲೊಂದು ಸಹಿ ಹಾಕು, ಡಬ್ಬಿ ಇಟ್ಟು ಮನೆಗೆ ಹೋಗು. ನಾಳೆಯಿಂದ ಬರೋದು ಬೇಡ."

ಅವಳು ಹಾಳೆ ತೆಗೆದುಕೊಂಡಳು. ಪೆನ್ನು ತೆಗೆದಳು. ಕೊನೆಯ ಸಾಲು ಕಣ್ಣಿಗೆ ಬಿತ್ತು: ತಪಾಸಣೆ ಮಾಡಿದವರ ಸಹಿ. ಅದರ ಮುಂದೆ ಖಾಲಿ ಜಾಗ, ಗೆರೆಯ ಮೇಲೆ ಆಗ ಇದ್ದಂಥದೇ. ಹನ್ನೊಂದು ವರ್ಷ ಈ ಜಾಗವನ್ನು ಕಣ್ಣುಮುಚ್ಚಿ ತುಂಬಿಸಿದ್ದಳು.

"ಹಾಕಲ್ಲ."

"ಏನಂದೆ?"

"ಹಾಕಲ್ಲ." ಕಡ್ಡಿ ಮುರಿದ ಹಾಗೆ ಅಂದಳು. "ಊಟ ಕೊಡದೆ, ನೀರು ಕೊಡದೆ ಬಿಸಿಲಲ್ಲಿ ನಿಲ್ಲಿಸಿ ಓಡ್ಸಿದ್ದು ಓಟ ಅಲ್ಲ. ಇನ್ನೊಂದು ಸಲ ಓಡಿಸಿ. ಹೊಟ್ಟೆಗೆ ಹಾಕಿ ಓಡಿಸಿ. ಆಗ ಅವಳು ಎಂಟನೆಯವಳಾಗಿ ಬರಲಿ, ಕಣ್ಣಿಗೆ ಒತ್ಕೊಂಡು ಸಹಿ ಹಾಕ್ತೀನಿ. ನನ್ನ ಸಹಿ ಇಲ್ದೆ ಇದು ಮೇಲಕ್ಕೆ ಹೋಗಲ್ಲ. ಪುಸ್ತಕದಲ್ಲಿದೆ. ಬೇಕಾದ್ರೆ ಓದ್ತೀನಿ, ಮೈಕ್ ತರ್ಸಿ."

"ನಿನ್ನ ತೆಗೆದುಹಾಕ್ತೀನಿ!"

"ಹಾಕಿ. ನಾಳೆಯಿಂದ. ಇವತ್ತಿನ ತಪಾಸಣೆ ನಂದು."

ಅವಳು ಹಾಳೆಯನ್ನು ಮಡಚಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯ ಮೇಲೆ ಕೂತುಬಿಟ್ಟಳು. ಅದರೊಳಗೆ ಅರ್ಧ ಊರಿನ ಓಲೆ, ಸರ, ಉಂಗುರ ಇದ್ದವು. ಒಡವೆಗೆ ಬಂದವರು ಸುತ್ತ ನಿಂತರು. ದೊಡ್ಡ ಸೀಟಿ ಕೂಗಾಡಿ, ಫೋನು ಹಿಡಿದುಕೊಂಡು ವೇದಿಕೆಯ ಕಡೆ ಓಡಿದ. ಇದು ಎರಡನೇ ಸಲ ಓಡಿದ್ದು.

ಜನರ ನಡುವೆ ಜಾಗ ಮಾಡಿಕೊಂಡು ನಲವತ್ತೊಂದು ಬಂದಳು. ಒಂದು ಕಾಲಲ್ಲಿ ಬೂಟು ಇರಲಿಲ್ಲ. ಕತ್ತಿನ ರಕ್ತ ಒಣಗಿತ್ತು. ಕೈಯಲ್ಲಿ ಚೀಟಿ.

"ನನ್ನ ಕಡ್ಡಿ ಕೊಡ್ತೀರಾ? ತೂತು ಮುಚ್ಚೋಗುತ್ತೆ."

ಡಬ್ಬಿ ಮೇಡಂ ಎದ್ದು, ಮುಚ್ಚಳ ತೆಗೆದು, ಚಿನ್ನದ ಮಧ್ಯೆ ತಡಕಿ ಎರಡನ್ನೂ ಹುಡುಕಿದಳು. ಬೇರೆ ಯಾವ ವಸ್ತುವನ್ನೂ ಇಷ್ಟು ಹೊತ್ತು ಹುಡುಕಿರಲಿಲ್ಲ. ಬಾಟಲಿಯ ನೀರಿನಲ್ಲಿ ತೊಳೆದು, ಉಳಿದ ನೀರನ್ನು ಹುಡುಗಿಗೆ ಕುಡಿಯಲು ಕೊಟ್ಟು, ಹತ್ತಿರ ಎಳೆದುಕೊಂಡು, ತನ್ನ ಕೈಯಿಂದಲೇ ಒಂದೊಂದಾಗಿ ಕಿವಿಗೆ ಸಿಕ್ಕಿಸಿದಳು. ಹುಡುಗಿ ಹಲ್ಲು ಕಚ್ಚಿಕೊಂಡಳು.

"ನೋವಾ?"

"ಓಡೋವಾಗ ಇರ್ಲಿಲ್ಲ. ಈಗ ಆಗ್ತಿದೆ." ಹುಡುಗಿ ಅವಳ ಹೆಬ್ಬೆರಳನ್ನು ನೋಡಿದಳು.  ಮೇಡಂ ಅನ್ನಲಿಲ್ಲ.

"ಅಕ್ಕ, ಮುಂದಿನ ಸಲ ಬೆಳಿಗ್ಗೆನೇ ಹೇಳ್ಬಿಡು."

"ಹೇಳ್ತೀನಿ," ಅಂದಳು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡು, ಮತ್ತೆ ಡಬ್ಬಿಯ ಮೇಲೆ ಕೂತಳು.